ರಾಜನಿಗೆ ಒಂದೇ ಜಿಗಿತ

ಕಿಂಗ್ಸ್‌ಬರಿ
೯ ಫೆಬ್ರುವರಿ ೨೦೨೫

ಸೌಜನ್ಯಾ,

ಫೋನಿನಲ್ಲಿ ಇನ್ನು ಮಾತು ಬೇಡ, ಏನಿದ್ದರೂ ಬರೆದು ಕಳಿಸು ಎಂದು ನೀನು ಫೋನು ಇಟ್ಟು ಇಂದಿಗೆ ಇಪ್ಪತ್ತಾರು ದಿನ. ಸಂಕ್ರಾಂತಿಯ ದಿನ ಎಳ್ಳುಬೆಲ್ಲದಂಥ ಮಾತಾಡಬೇಕು ಎನ್ನುವುದು ನಮ್ಮ ವಿಜಯಪುರದ ಪದ್ಧತಿ. ಆ ದಿನ ನಡೆದ ಮಾತನ್ನು ಇಲ್ಲಿ ಬರೆದಿಡುತ್ತೇನೆ, ಮುಂದೆ ಯಾರೂ ಇಲ್ಲ ಅನ್ನಬಾರದು. ನೀನು, 'ಅವ್ವಾ, ಮ್ಯಾಲಿನ ಖೋಲಿ ಬಗ್ಗೆ ಮಾತಾಡೂದಿತ್ತು' ಅಂದೆ. ನಾನು, 'ನಾ ಮನಿ ಮಾರಂಗಿಲ್ಲ' ಅಂದೆ. ನೀನು, 'ನಾ ಬಾಯಿ ತಗಿಯೂದರಾಗ ನೀ ನನ್ನ ನಾಕನೇ ಮಾತಿಗೆ ಉತ್ತರಾ ಕೊಡ್ತಿ. ಪತ್ರಾ ಬರಿ. ಪತ್ರದಾಗರೆ ನಾ ಮುಗಿಸೂತನಕ ನೀ ಸುಮ್ಮ ಇರಬೇಕಾಗತೈತಿ' ಅಂದೆ.

ಬರೆಯುತ್ತಿದ್ದೇನೆ. ಕಳೆದ ಶನಿವಾರ ಒಬ್ಬ ಮನುಷ್ಯ ಬಂದ. ನಿಮ್ಮ ಮಗಳು ಕಳಿಸಿದ್ದಾರೆ ಎಂದ. ಟೇಪು ಹಿಡಿದು ಮೆಟ್ಟಿಲು ಅಳೆದ. ಮೇಲೆ ಹೋಗಿ ನಿನ್ನ ಹಳೆಯ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದ. ಚಹಾ ಬೇಡ ಎಂದು ಹೋದ. ಚಹಾ ಬೇಡ ಎನ್ನುವವರನ್ನು ನಾನು ನಂಬುವುದಿಲ್ಲ.

ಪಕ್ಕದ ಮನೆಯ ಕಾಶವ್ವನ ವಿಷಯ ನಿನಗೆ ನೆನಪಿಲ್ಲದಿದ್ದರೆ ನನಗಿದೆ. ಮೊದಲು ಮಗನಿಗೆ ತಾಯಿಯ ಮೊಣಕಾಲಿನ ಚಿಂತೆ ಹತ್ತಿತು. ಆಮೇಲೆ ಟೇಪು ಬಂತು. ಆಮೇಲೆ ಜಿಪಿ ಡಾಕ್ಟರರಿಂದ ಒಂದು ಪತ್ರ. 'ಎರಡು ವಾರ ವೃದ್ಧಾಶ್ರಮದಲ್ಲಿ ಇದ್ದು ನೋಡವ್ವಾ, ಹಿಡಿಸದಿದ್ದರೆ ವಾಪಸ್ ಬಾ' ಎಂದ ಮಗ. ಕಲಬುರಗಿಯ ಹೆಂಗಸು, ಬಿಸಿ ರೊಟ್ಟಿ ಇಲ್ಲದೆ ಊಟ ಮಾಡದವಳು, ಆ ಆಶ್ರಮದಲ್ಲಿ ಮೂರು ವರ್ಷ ಬೇಯಿಸಿದ ಬಟಾಟೆ ತಿಂದು ಸತ್ತಳು. ಎರಡು ವಾರ ಇನ್ನೂ ಮುಗಿದಿರಲಿಲ್ಲ.

ಎದುರಿನವರ ಯೋಜನೆ ಕಾಣುವುದು ನನಗೆ ಹೊಸದಲ್ಲ. ನಾನು ದುಡಿಯುತ್ತಿದ್ದ ಫ್ಯಾಕ್ಟರಿಯ ಕ್ಯಾಂಟೀನಿಗೆ ಇಪ್ಪತ್ತು ವರ್ಷದ ಮೇಲೆ ಬಣ್ಣ ಹೊಡೆಸಿದಾಗ ಎಲ್ಲರೂ ಹಿಗ್ಗಿದರು. ಮುಚ್ಚುತ್ತಾರೆ ಎಂದು ಹೇಳಿದವಳು ನಾನೊಬ್ಬಳೇ. ಏಳು ತಿಂಗಳಿಗೆ ಬೀಗ ಬಿತ್ತು. ನಾನು ಮೊದಲೇ ಹೇಳಿದ ಯಾವ ಮಾತು ಸುಳ್ಳಾಗಿದೆ? ನಿನ್ನ ಮದುವೆಯ ಊಟದಲ್ಲಿ ಆಡಿದ ಮಾತೊಂದು ಸುಳ್ಳಾಗಿದೆ, ಅಷ್ಟೇ. 'ಈ ಸಂಬಂಧ ಹತ್ತು ವರ್ಷ ತಾಳಂಗಿಲ್ಲ' ಎಂದಿದ್ದೆ. ಒಂಬತ್ತಾಯಿತು, ರಾಕೇಶನೂ ನೀನೂ ಚೆನ್ನಾಗಿದ್ದೀರಿ. ಅಲ್ಲಿ ಸೋತದ್ದಕ್ಕೆ ನನಗೆ ಸಂತೋಷವೇ.

ಚದುರಂಗದಲ್ಲಿ ನನ್ನ ಅಜ್ಜನದೊಂದು ಪದ್ಧತಿ ಇತ್ತು. ಕೈ ಮುಟ್ಟುವ ಮೊದಲು ಎದ್ದು, ಹಲಗೆಯನ್ನು ಸುತ್ತಿ, ಎದುರಿನವರ ಬೆನ್ನ ಹಿಂದೆ ನಿಂತು ನೋಡಬೇಕು. ಅವರ ಕಡೆಯಿಂದ ಆಟ ಬೇರೆಯೇ ಕಾಣುತ್ತದೆ ಅನ್ನುತ್ತಿದ್ದ. ನನಗೆ ಏಳುವ ಅಗತ್ಯವಿಲ್ಲ. ಕೂತಲ್ಲೇ ಕಾಣುತ್ತದೆ. ಟೇಪು, ಜಿಪಿ, ಎರಡು ವಾರ, ಮನೆಯ ಮುಂದೆ 'ಮಾರಾಟಕ್ಕಿದೆ' ಎಂಬ ಬೋರ್ಡು. ನಾನು ಈ ಮನೆಯಿಂದ ಹೆಣವಾಗಿ, ಕಾಲು ಮುಂದಾಗಿ ಹೋಗುತ್ತೇನೆ, ಇಲ್ಲವೇ ಹೋಗುವುದಿಲ್ಲ.

ನಿನ್ನ ಅವ್ವ,
ರತ್ನವ್ವ


ಲಂಡನ್
೨೩ ಫೆಬ್ರುವರಿ

ಅವ್ವಾ,

ಮೂರನೆಯ ಇಯತ್ತೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕೆಂಪು ಪೆನ್ನು ಹಿಡಿಯಬೇಡ.

ಆ ಮನುಷ್ಯ ಬಂದದ್ದು ಮೆಟ್ಟಿಲಿಗೆ ಕೈಹಿಡಿಕೆ ಹಾಕಲು. ನವೆಂಬರಿನಲ್ಲಿ ನೀನು ಜಾರಿ ಬಿದ್ದೆ. ಆಸ್ಪತ್ರೆಯಲ್ಲಿ ದಿನಾ ನಾನು ನಡೆಯಲು ಕಲಿಸುವವರಲ್ಲಿ ಅರ್ಧ ಜನ ಮೆಟ್ಟಿಲಿನಿಂದ ಬಿದ್ದವರೇ. ಅಷ್ಟೇ. ಬೋರ್ಡೂ ಇಲ್ಲ, ಆಶ್ರಮವೂ ಇಲ್ಲ.

ಒಂದು ಕೇಳುತ್ತೇನೆ. ನನ್ನ ಆ ಕೋಣೆಯನ್ನು ಇಲ್ಲಿಯ ಬೇಸಿಗೆಯವರೆಗೆ, ಜುಲೈ ತನಕ ಖಾಲಿ ಇಡು. ಏಕೆ ಎಂದು ಈಗ ಕೇಳಬೇಡ. ನಾನೇ ಹೇಳುತ್ತೇನೆ. ಹೇಳುವವರೆಗೆ ಊಹಿಸಬೇಡ. ನಿನಗೆ ಅದು ಕಷ್ಟ ಎಂದು ಗೊತ್ತು.

ಸೌಜನ್ಯಾ


ಕಿಂಗ್ಸ್‌ಬರಿ
೧೬ ಮಾರ್ಚ್

ಸೌಜನ್ಯಾ,

ನಿನ್ನ ಪತ್ರ ಬರಲು ಹತ್ತು ದಿನ ಹಿಡಿಯಿತು. ಲಕೋಟೆಯ ಮೇಲಿನ ಮುದ್ರೆ ಓದಲು ಬರುವುದಿಲ್ಲ, ಹಿಂದೆ ಅಂಚೆಯವರು ಊರಿನ ಹೆಸರಾದರೂ ಕಾಣುವಂತೆ ಒತ್ತುತ್ತಿದ್ದರು. ನೀನೂ ನಿನ್ನ ಮನೆಯಿರುವ ಟೂಟಿಂಗ್ ಎಂದು ಬರೆಯದೆ ಬರೀ 'ಲಂಡನ್' ಎಂದು ಬರೆದಿದ್ದೀ. ನಾನೂ ಲಂಡನ್ನಿನಲ್ಲೇ ಇರುವವಳು, ವಿಜಯಪುರದಲ್ಲಿ ಕೂತಿದ್ದೇನೆಯೇ?

ಕೋಣೆ ಖಾಲಿ ಇಡು ಎಂದೆ. ಮನೆ ಕೊಳ್ಳಲು ಬರುವವರು ಮೊದಲು ಕೇಳುವುದೇ ಅದನ್ನು. ಕಾಶವ್ವನ ಮಗನೂ ತಾಯಿಯ ಟ್ರಂಕುಗಳನ್ನು ಹೊರಗೆ ಹಾಕಿಸಿ, 'ಸ್ವಲ್ಪ ಗಾಳಿ ಆಡಲಿ' ಎಂದಿದ್ದ. ಒಂದು ವಾರ ನಿನ್ನ ಕಾಗದ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಓಡಾಡಿದೆ. ಒಲೆಯ ಮೇಲಿನ ಹಾಲು ಎರಡು ಸಲ ಉಕ್ಕಿತು. ಕೊನೆಗೆ ಮಾಡಬೇಕಾದದ್ದನ್ನು ಮಾಡಿದೆ.

ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಒಂದು ವರ್ಷಕ್ಕೆ, ಸಹಿ ಮಾಡಿದ ಕಾಗದದೊಂದಿಗೆ. ಅವನ ಹೆಸರು ಲಕ್ಷ್ಮೀಶ. ಬೆಂಗಳೂರಿನವನು, ಕಂಪ್ಯೂಟರಿನ ಕೆಲಸ, ಮೂವತ್ತೆರಡು ವರ್ಷ. ಜೀರಿಗೆ ಸುಡುವುದನ್ನೇ ಒಗ್ಗರಣೆ ಎಂದು ತಿಳಿದಿದ್ದಾನೆ, ಉಳಿದಂತೆ ಒಳ್ಳೆಯವನು. ಅವನು ಇರುವವರೆಗೆ ಈ ಮನೆಯನ್ನು ಯಾರೂ ಸುಲಭವಾಗಿ ಮಾರಲಾರರು. ನಿನ್ನ ಪ್ಯಾದೆ ಮುಂದೆ ಬರುವ ಮನೆಯಲ್ಲಿ ನಾನು ಮೊದಲೇ ಕುದುರೆ ನಿಲ್ಲಿಸಿದೆ.

ಊಟದ ಮೇಲೆ ಅವನು ನನ್ನೊಡನೆ ಚದುರಂಗ ಆಡುತ್ತಾನೆ. ಮೊನ್ನೆ ನನ್ನ ರಾಜನನ್ನು ಮೂಲೆಗೆ ಹಾಕಲು ನಾಲ್ಕು ನಡೆ ಮೊದಲೇ ಸಂಚು ಹೂಡಿದ್ದ. ಮುಖ ನೋಡಿಯೇ ತಿಳಿಯಿತು, ಎದುರಿನವರು ಗೆಲ್ಲುವ ಹೊತ್ತಿಗೆ ಚಹಾ ಕುಡಿಯಲು ಮರೆಯುತ್ತಾರೆ. ಇನ್ನೇನು ಶಹ ಕೊಡಬೇಕು, ಅಷ್ಟರಲ್ಲಿ ನನ್ನ ರಾಜ ಕುದುರೆಯಂತೆ ಎರಡೂವರೆ ಮನೆ ಜಿಗಿದು ಹೊರಗೆ ನಿಂತ.

'ಆಂಟಿ, ಇದ್ಯಾವ ರೂಲು? ಕಿಂಗು ಹಿಂಗೆಲ್ಲ ಹಾರ್ತಾನಾ?'

'ನಮ್ಮ ಮನಿ ರೂಲು. ಶಹ ಬೀಳೂಕ್ಕಿಂತ ಮೊದಲ ರಾಜ ಒಂದ ಸಲ ಕುದರಿ ಹಾಂಗ ಜಿಗೀಬಹುದು. ಒಂದ ಸಲ.'

'ಮೊದ್ಲೇ ಹೇಳ್ಬೇಕಲ್ವಾ?'

'ನೀ ಕೇಳಬೇಕಿತ್ತು.'

ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ. ಇದನ್ನು ನಿನಗೆ ಹೇಳಿ ನಗಬೇಕು ಅನ್ನಿಸಿತು, ಫೋನು ಕೈಗೆ ತೆಗೆದುಕೊಂಡು ಮತ್ತೆ ಇಟ್ಟೆ.

ನಿನ್ನ ಅವ್ವ,
ರತ್ನವ್ವ


ಲಂಡನ್
೨ ಮೇ

ಅವ್ವಾ,

ಆರು ವಾರ ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದು ಹಾಕಿದೆ.

ರಾಜ ಜಿಗಿದದ್ದನ್ನು ಓದಿ ನಗು ಬರಲಿಲ್ಲ. ನಾವು ಈ ದೇಶಕ್ಕೆ ಬಂದು ಎರಡು ವರ್ಷವಾಗಿತ್ತು. ಹ್ಯಾರೋದ ಒಂದು ಶಾಲೆಯ ಸಭಾಂಗಣದಲ್ಲಿ ಮಕ್ಕಳ ಚದುರಂಗದ ಪಂದ್ಯ, ನನಗೆ ಹನ್ನೊಂದು ವರ್ಷ. ನನಗೆ ಗೊತ್ತಿದ್ದದ್ದು ನೀನು ಕಲಿಸಿದ ಆಟ ಒಂದೇ. ಎದುರಿನ ಹುಡುಗ ಏನು ಮಾಡಲಿದ್ದಾನೆ ಎಂದು ನನಗೆ ಐದು ನಡೆ ಮೊದಲೇ ಕಂಡಿತ್ತು. ನಾನು ಹೆದರಲಿಲ್ಲ. ಏಕೆಂದರೆ ನನ್ನ ರಾಜನಿಗೆ ಇನ್ನೂ ಜಿಗಿತ ಉಳಿದಿತ್ತು. ಅದಕ್ಕಾಗಿ ಒಂದು ಮನೆ ಖಾಲಿ ಇಟ್ಟುಕೊಂಡಿದ್ದೆ. ಹೊತ್ತು ಬಂದಾಗ ಜಿಗಿಸಿದೆ. ಹುಡುಗ ನಕ್ಕ, ಪಕ್ಕದ ಮೇಜಿನವರೂ ನಕ್ಕರು. ತೀರ್ಪುಗಾರ ಬಂದು ನನ್ನ ರಾಜನನ್ನು ಎರಡು ಬೆರಳಲ್ಲಿ ಎತ್ತಿ ಹಳೆಯ ಜಾಗದಲ್ಲಿ ಇಟ್ಟ.

ಅದಕ್ಕೆ ನಾನು ಅಳಲಿಲ್ಲ ಅವ್ವಾ. ನೀನು ಬಂದೆ. ಚದುರಂಗ ಹುಟ್ಟಿದ್ದೇ ನಮ್ಮ ದೇಶದಲ್ಲಿ, ನಿಯಮ ಬದಲಿಸಲು ನೀವು ಯಾರು ಎಂದು ನಿನ್ನ ಆಗಿನ ಇಂಗ್ಲಿಷಿನಲ್ಲಿ ನಲವತ್ತು ನಿಮಿಷ ವಾದ ಮಾಡಿದೆ. ನಾನು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. 'ಅವ್ವಾ, ಮನೀಗೆ ಹೋಗೂಣು' ಎಂದು ಮೂರು ಸಲ ಹೇಳಿದೆ. ನೀನು ತಿರುಗಿ ನೋಡಲಿಲ್ಲ.

ಅಂದಿನಿಂದ ಹೀಗೇ ಇದೆ. ನೀನು ನನ್ನ ನಡೆಯನ್ನು ನೋಡುವುದಿಲ್ಲ. ನನ್ನ ಜಾಗದಲ್ಲಿ ಕಾಶವ್ವನ ಮಗ ಕೂತಿದ್ದರೆ ಏನು ಮಾಡುತ್ತಿದ್ದ, ಅದನ್ನು ನೋಡುತ್ತೀ.

ಕೋಣೆಯನ್ನು ಕೊಟ್ಟಿದ್ದು ಒಳ್ಳೆಯದಾಯಿತು. ಮನೆಯಲ್ಲಿ ಒಂದು ಜೀವ ಇದ್ದರೆ ನನಗೂ ಧೈರ್ಯ. ಇನ್ನು ಅದರ ಮಾತು ಬೇಡ.

ಸೌಜನ್ಯಾ


ಕಿಂಗ್ಸ್‌ಬರಿ
೧೮ ಮೇ

ಸೌಜನ್ಯಾ,

ನಲವತ್ತು ನಿಮಿಷ ಅಲ್ಲ, ಹೆಚ್ಚೆಂದರೆ ಇಪ್ಪತ್ತು. ಆ ತೀರ್ಪುಗಾರನ ಕಂದು ಬಣ್ಣದ ಟೈ, ಅದರ ಮೇಲಿದ್ದ ಮೊಟ್ಟೆಯ ಕಲೆ ಕೂಡ ನನಗೆ ನೆನಪಿದೆ. ಆಮೇಲೆ ನಾನು ಅವರ ಸಂಘಕ್ಕೆ ನಾಲ್ಕು ಪತ್ರ ಬರೆದೆ, ಒಂದಕ್ಕೆ ಉತ್ತರ ಬಂತು. ಅದು ಇನ್ನೂ ನನ್ನ ಫೈಲಿನಲ್ಲಿದೆ. ನಮ್ಮ ಆಟವನ್ನು ನಾವು ಆಡಿದರೆ ನಗುವವರ ಎದುರು ತಲೆ ಬಗ್ಗಿಸಿ ಮನೆಗೆ ಬರಬೇಕಾಗಿತ್ತೇ? ನಾನು ಹೋರಾಡಿದ್ದು ಯಾರಿಗಾಗಿ?

ಇಷ್ಟು ಬರೆದು ಎದ್ದು ಹೋಗಿದ್ದೆ. ಈಗ ಮತ್ತೆ ಕೂತಿದ್ದೇನೆ. ನೀನು ಬಾಗಿಲಲ್ಲಿ ನಿಂತದ್ದು ಮಾತ್ರ ನನಗೆ ನೆನಪಿಲ್ಲ. ನಿನ್ನ ಕೋಟು ಯಾವ ಬಣ್ಣದ್ದಿತ್ತು?

'ಒಳ್ಳೆಯದಾಯಿತು' ಎಂದು ಬರೆದಿದ್ದೀ. ನಾನು ನಿನಗೆ ಅಡ್ಡ ನಿಂತಾಗ ನೀನು ಜಗಳ ಆಡುವವಳು, ಒಪ್ಪುವವಳಲ್ಲ. ಬೇಸಿಗೆಯವರೆಗೆ ಬೇಕೆಂದ ಕೋಣೆ ಈಗ ಏಕೆ ಬೇಡ? ಹಿಂದೆ ಇನ್ನೊಂದು ನಡೆ ಇದೆ. ಅದು ಕಾಣುತ್ತಿಲ್ಲ. ಇದೇ ಮೊದಲ ಸಲ ಕಾಣುತ್ತಿಲ್ಲ. ಲೈಬ್ರರಿಯಲ್ಲಿ ಗುಜರಾತಿ ಮುದುಕರ ಎದುರು ಮೂರು ಆಟ ಸೋತೆ. 'ರತ್ನಾಬೆನ್, ತಬಿಯತ್ ಠೀಕ್ ಹೈ?' ಎಂದು ಆರೋಗ್ಯ ವಿಚಾರಿಸಿದರು.

ಉತ್ತರ ಬರೆ. ಎರಡು ಸಾಲಾದರೂ ಸಾಕು.

ಅವ್ವ


ಕಿಂಗ್ಸ್‌ಬರಿ
೨೧ ಜೂನ್

ಸೌಜನ್ಯಾ,

ಈ ಪತ್ರದ ಲಕೋಟೆಯ ಮೇಲಿನ ವಿಳಾಸ ನೋಡಿದಾಗಲೇ ನಿನಗೆ ತಿಳಿದಿರುತ್ತದೆ. ಹರಿಯಬೇಡ, ಮುಗಿಯುವವರೆಗೆ ಓದು. ಪತ್ರದಲ್ಲಿ ಸುಮ್ಮನಿರಬೇಕಾದವರು ಓದುವವರು ಎಂದು ನೀನೇ ಹೇಳಿದ್ದು.

ತಿಂಗಳಾದರೂ ಉತ್ತರವಿಲ್ಲ. ಮಂಗಳವಾರ ಮುಂಜಾನೆ ಅಜ್ಜನ ಮಾತು ನೆನಪಾಯಿತು, ಎದ್ದೆ. ಹಲಗೆ ಸುತ್ತಲು ಕಿಂಗ್ಸ್‌ಬರಿಯಿಂದ ಟೂಟಿಂಗ್ ತನಕ ಒಂದೂಕಾಲು ಗಂಟೆ. ಲಂಡನ್ ಬ್ರಿಡ್ಜಿನಲ್ಲಿ ರೈಲು ಬದಲಿಸುವಲ್ಲಿ ಎಸ್ಕಲೇಟರ್ ಕೆಟ್ಟಿತ್ತು, ಮೊಣಕಾಲು ಹಿಡಿದುಕೊಂಡು ಇಳಿದೆ. ಅದರ ಬಗ್ಗೆ ಅವರಿಗೆ ಪ್ರತ್ಯೇಕವಾಗಿ ಬರೆಯುತ್ತೇನೆ.

ರಾಕೇಶ ಬಾಗಿಲು ತೆಗೆದ. ನಾನೊಬ್ಬಳೇ ಬಂದಿದ್ದೇನೆಯೇ ಎಂದು ದಾರಿಯ ಆಚೆ ಈಚೆ ನೋಡಿದ. ಆಮೇಲೆ, 'ಬರ್ರಿ ಅತ್ತಿ' ಎಂದ. ಒಳಗೆ ಒಂದೇ ಜೊತೆ ಚಪ್ಪಲಿ. ಒಂದೇ ತಟ್ಟೆ ಒಣಗಲು ಇಟ್ಟಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ಮೇ ತಿಂಗಳ ಪತ್ರ, ಒಡೆಯದೆ.

'ಆಕಿ ಜನವರಿಯಿಂದ ಇಲ್ಲೆ ಇಲ್ರಿ ಅತ್ತಿ. ಎಜ್‌ವೇರ್‌ನಾಗ ಒಂದು ಖೋಲಿ ಹಿಡದಾಳ, ಜುಲೈ ಕೊನೀತನಕ. ನಿಮ್ಮ ಪತ್ರಾ ಬಂದ್ರ ನಾ ಕಳಸತಿದ್ದೆ. ಇದೊಂದು ಹಂಗ ಉಳೀತು. ನಂದ ತಪ್ಪು.'

'ಜಗಳ ಆತೇನು?'

'ಜಗಳ ಆಗಿದ್ರ ಛಲೋ ಇತ್ತು. ಮಾತ ನಿಂತಿತ್ರಿ, ಎರಡು ವರ್ಷ ಆತು.'

'ನನಗ ಯಾಕ ಹೇಳಲಿಲ್ಲ? ನನಗ ಅಷ್ಟು ಅಂಜತಾಳ?'

ಅವನು ಚಹಾಕ್ಕೆ ಸಕ್ಕರೆ ಹಾಕುತ್ತ ಬೆನ್ನು ತಿರುಗಿಸಿಯೇ ಹೇಳಿದ. 'ನಿಮಗ ಅಂಜೂದಿಲ್ರಿ. ನೀವು ಹೇಳಿದ್ದು ಖರೆ ಆತಲ್ಲ, ಅದಕ್ಕ ಅಂಜತಾಳ. ಊಟದ ಪಂಕ್ತಿಯೊಳಗ ನೀವು ಅಂದ ಮಾತು ಆಕೀಗೂ ಕೇಳಿಸಿತ್ತು, ನನಗೂ ಕೇಳಿಸಿತ್ತು.'

ಒಬ್ಬ ಮನುಷ್ಯನ ಮನೆಯಲ್ಲಿ ಕೂತು ಅವನ ಚಹಾ ಕುಡಿಯಲು ನನಗೆ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಪೂರ್ತಿ ಕುಡಿದೆ. ಬಾಗಿಲತನಕ ಬಂದು ಅವನು ನಿನ್ನ ವಿಳಾಸ ಬರೆದುಕೊಟ್ಟ. ಆ ಒಡೆಯದ ಪತ್ರವನ್ನೂ ಕೊಟ್ಟ, ಅದನ್ನು ಇದರ ಜೊತೆಗೇ ಇಟ್ಟಿದ್ದೇನೆ.

ಮರಳಿ ಬರುವಾಗ ಟ್ಯೂಬ್ ರೈಲಿನಲ್ಲಿ ಆಟವನ್ನು ಮೊದಲಿನಿಂದ ಆಡಿದೆ, ನಿನ್ನ ಕಡೆಯಿಂದ. ಸಂಕ್ರಾಂತಿಗೆ ನೀನು ಮೇಲಿನ ಕೋಣೆ ಎಂದದ್ದು ಅಲ್ಲಿ ಮಲಗಲು. ಖಾಲಿ ಇಡು ಎಂದದ್ದು ನಿನಗಾಗಿ. ಊಹಿಸಬೇಡ ಎಂದದ್ದು, ನಾನು ಊಹಿಸಿ ಮೊದಲು ಆಡುವ ಮಾತು ಯಾವುದೆಂದು ನಿನಗೆ ಗೊತ್ತಿದ್ದುದರಿಂದ. ನಿನ್ನ ಒಂದೊಂದು ನಡೆಯನ್ನೂ ನಾನು ತಡೆದೆ. ಏಳನೆಯ ನಂಬರಿನ ಮನೆಯ ನಾಯಿಗೂ ಬಾಗಿಲು ತೆಗೆಯುವವಳು, ನನ್ನ ಮಗಳು ಮನೆಗೆ ಬರುವ ದಾರಿಗೆ ಅಡ್ಡಲಾಗಿ ಒಂದು ವರ್ಷದ ಕಾಗದಕ್ಕೆ ಸಹಿ ಹಾಕಿಸಿ ಒಬ್ಬನನ್ನು ತಂದು ಕೂರಿಸಿದೆ. ನೀನು ಎಪ್ಪತ್ತೊಂಬತ್ತನೆಯ ನಂಬರಿನ ಬಸ್ಸಿನಲ್ಲಿ ಅರ್ಧ ಗಂಟೆಯ ದೂರದಲ್ಲಿ ಐದು ತಿಂಗಳಿನಿಂದ ಇದ್ದೀ. ನನ್ನ ಪತ್ರ ಲಂಡನ್ನಿನ ಆ ತುದಿಗೆ ಹೋಗಿ ಈ ತುದಿಗೆ ಬರುತ್ತಿತ್ತು. ಊರಿನ ಹೆಸರು ಬರೆಯದೆ ನೀನು ಸುಳ್ಳನ್ನೂ ಬರೆಯಲಿಲ್ಲ. ಅದು ಕಣ್ಣಿಗೆ ಬಿದ್ದರೂ ನಾನು ಅಂಚೆಯವರನ್ನು ಬೈದೆ.

ಮೂವತ್ತು ವರ್ಷದ ಹಿಂದಿನ ಟೈಯ ಮೇಲಿನ ಕಲೆ ನೆನಪಿದೆ. 'ಮನೀಗೆ ಹೋಗೂಣು' ಎಂಬ ಮಾತು ಎಷ್ಟು ಹುಡುಕಿದರೂ ನೆನಪಿನಲ್ಲಿ ಸಿಗುವುದಿಲ್ಲ. ಅದು ನನ್ನ ಕಿವಿಗೆ ಬಿದ್ದೇ ಇಲ್ಲ, ಮಗಳೇ. ನನ್ನ ಜ್ಞಾಪಕಶಕ್ತಿಯ ಬಗ್ಗೆ ಇನ್ನು ಮೇಲೆ ಯಾರ ಎದುರೂ ಹೇಳಿಕೊಳ್ಳುವುದಿಲ್ಲ.

ಲಕ್ಷ್ಮೀಶನಿಗೆ ವಿಷಯ ಹೇಳಿದೆ. 'ನಾನು ಬೇರೆ ಕಡೆ ನೋಡ್ಕೋತೀನಿ ಆಂಟಿ, ಅಗ್ರಿಮೆಂಟು ಬಿಡಿ' ಎಂದ. ಬೇಡ ಎಂದೆ. ನನ್ನ ತಪ್ಪಿಗೆ ಅವನ ಹಾಸಿಗೆ ಏಕೆ ಎತ್ತಬೇಕು? ಬುಧವಾರ ಸಂಜೆ ಅವನೂ ನಾನೂ ಸೇರಿ ನನ್ನ ಮಂಚವನ್ನು ಬಿಚ್ಚಿ ಕೆಳಗೆ ತಂದೆವು. ಮುಂದಿನ ಕೋಣೆಯಲ್ಲಿ, ಕಿಟಕಿಯ ಬಳಿ ಹಾಕಿಸಿಕೊಂಡಿದ್ದೇನೆ. ದಾರಿಯಲ್ಲಿ ಹೋಗುವವರೆಲ್ಲ ಕಾಣುತ್ತಾರೆ, ಬೈಯಲು ಅನುಕೂಲ. ಕೆಳಗೆ ಮಲಗುವುದಿಲ್ಲ ಎಂದು ನಿನ್ನೊಡನೆ ಎಷ್ಟು ಜಗಳ ಆಡಿದ್ದೆ. ಮೇಲೆ ನನ್ನ ದೊಡ್ಡ ಕೋಣೆ ಈಗ ಖಾಲಿ ಇದೆ. ಪೇರ್ ಮರದ ಕಡೆಯದು. ನಿನ್ನ ಅಪ್ಪ ಹೋದ ಮೇಲೆ ಆ ಕೋಣೆಯಿಂದ ನಾನು ಒಂದು ಟ್ರಂಕನ್ನೂ ಸರಿಸಿರಲಿಲ್ಲ.

ಅಜ್ಜನ ನಿಯಮದಲ್ಲಿ ರಾಜನಿಗೆ ಒಂದೇ ಜಿಗಿತ, ಅದೂ ಶಹ ಬೀಳುವ ಮೊದಲು. ನಾನು ಎಪ್ಪತ್ತು ವರ್ಷ ಉಳಿಸಿಕೊಂಡಿದ್ದೆ. ಈಗ ಜಿಗಿದೆ. ಇಲ್ಲಿ ಎತ್ತಿ ಹಳೆಯ ಜಾಗದಲ್ಲಿ ಇಡಲು ಯಾರೂ ಇಲ್ಲ.

ಏಕೆ, ಏನು ಎಂದು ಹೇಳಬೇಕಾಗಿಲ್ಲ. ಮದುವೆಯಲ್ಲಿ ನಾನು ಆಡಿದ ಮಾತು ಈ ಮನೆಯಲ್ಲಿ ಮತ್ತೆ ಕೇಳಿಸುವುದಿಲ್ಲ. ನಿನ್ನ ಮುಂದಿನ ನಡೆ ಏನೆಂದು ನನಗೆ ಗೊತ್ತಿಲ್ಲ. ಲಕ್ಷ್ಮೀಶನಿಗೆ 'ನೀ ಕೇಳಬೇಕಿತ್ತು' ಎಂದು ದೊಡ್ಡದಾಗಿ ಹೇಳಿದವಳು, ಈಗ ಕೇಳುತ್ತಿದ್ದೇನೆ.

ಮನೆಗೆ ಬರುತ್ತೀಯಾ?

ಅವ್ವ


ಎಜ್‌ವೇರ್
೨೬ ಜೂನ್

ಅವ್ವಾ,

ಕೆಂಪು ಕೋಟು. ತೋಳು ಉದ್ದವಾಗಿತ್ತು, ನೀನು ಮಡಚಿ ಹೊಲಿದಿದ್ದೆ.

ನಿನ್ನ ಪತ್ರವನ್ನು ಬಸ್ ಸ್ಟಾಪಿನಲ್ಲಿ ನಿಂತು ಓದಿದೆ. ಮೂರು ಎಪ್ಪತ್ತೊಂಬತ್ತು ಬಂದು ಹೋದವು. ಹತ್ತಬೇಕೆನ್ನಿಸಿತು, ಆಸ್ಪತ್ರೆಯಲ್ಲಿ ಜನ ಕಾಯುತ್ತಿದ್ದರು.

ಶನಿವಾರ ಬರುತ್ತೇನೆ. ಎಷ್ಟು ಹೊತ್ತಿಗೆ, ಎಷ್ಟು ಪೆಟ್ಟಿಗೆ ಎಂದು ಲೆಕ್ಕ ಹಾಕಬೇಡ. ಬಾಗಿಲಲ್ಲಿ ನಿಂತು ಕಾಯಲೂ ಬೇಡ. ಬೇಡವೆಂದರೂ ನೀನು ಕಾಯುತ್ತೀ ಎಂದು ಗೊತ್ತು, ಅಷ್ಟನ್ನು ನಾನೂ ಊಹಿಸಬಲ್ಲೆ.

ಟೇಪಿನ ಮನುಷ್ಯನಿಗೆ ಮತ್ತೆ ಫೋನು ಮಾಡಿದ್ದೇನೆ. ಸೋಮವಾರ ಬಂದು ಕೈಹಿಡಿಕೆ ಹಾಕುತ್ತಾನೆ. ನೀನು ಕೆಳಗೆ ಮಲಗಿದರೂ ಅದು ಬೇಕು. ನಾನು ಮೇಲೆ ಬಾಗಿಲು ಹಾಕಿಕೊಂಡು ಕೂತ ದಿನ, ಹತ್ತಿ ಬರುವವಳು ನೀನೇ ಅಲ್ಲವೇ? ಆ ದಿನ ಬಂದು ಬಾಗಿಲ ಹೊರಗೆ ಸುಮ್ಮನೆ ಕೂಡು. ನಾನೇ ತೆಗೆಯುತ್ತೇನೆ.

ಅವನಿಗೆ ಈ ಸಲ ಚಹಾ ಬೇಕೇ ಎಂದು ಕೇಳಬೇಡ, ಮಾಡಿ ಕೊಟ್ಟುಬಿಡು.

ಸೌಜನ್ಯಾ